ಡೈಸನ್ ವಿ8ರ ಎರಡು ಬ್ರಷ್ ಹೆಡ್: ತಿರುಗದೆ ನಿಂತಾಗ ಹೊಸದು ಕೊಳ್ಳುವ ಮೊದಲು

ಡೈಸನ್ ವಿ8 ಕಾರ್ಡ್‌ಲೆಸ್ ವ್ಯಾಕ್ಯೂಮ್ ಮಾರುಕಟ್ಟೆಗೆ ಬಂದದ್ದು 2016ರಲ್ಲಿ. ಕೊಳ್ಳುವಾಗ ಎಲ್ಲರೂ ವಿಚಾರಿಸುವುದು ಎಳೆತ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು. ನಿಜವಾಗಿ ದಿನಾ ನೆಲಕ್ಕೆ ಉಜ್ಜಿಕೊಂಡು, ಕೂದಲು ಸುತ್ತಿಸಿಕೊಂಡು, ಕಡೆಗೊಂದು ದಿನ ಮುಷ್ಕರ ಹೂಡುವುದು ಕೆಳಗಿನ ಬ್ರಷ್ ಹೆಡ್. ಮೇಲೆ ಯಂತ್ರ ಸರಿಯಾಗೇ ಸದ್ದು ಮಾಡುತ್ತಿರುತ್ತದೆ, ಗಾಳಿಯನ್ನೂ ಎಳೆಯುತ್ತಿರುತ್ತದೆ, ಹೆಡ್ಡಿನೊಳಗಿನ ಬ್ರಷ್ ಉರುಳೆ, ಅಂದರೆ ರೋಲರ್, ಮಾತ್ರ ತಿರುಗುವುದಿಲ್ಲ. ಆಗ ಹೆಚ್ಚಿನವರು "ಮೋಟಾರ್ ಹೋಯ್ತು" ಎಂದುಕೊಂಡು ಹೊಸ ಹೆಡ್ ಹುಡುಕುತ್ತಾರೆ. ಅದಕ್ಕೂ ಮೊದಲು ಅರ್ಧ ಗಂಟೆ ಕೊಟ್ಟು ನೋಡಬೇಕಾದ ಮೂರು ಜಾಗಗಳಿವೆ: ರೋಲರಿನ ತುದಿ, ಕರೆಂಟ್ ದಾಟುವ ಪಿನ್ನುಗಳು, ಹೆಡ್ಡಿನ ಕತ್ತು. ಮೋಟಾರಿನ ಸರದಿ ಅದರ ಆಮೇಲೆ.

ವಿ8ಕ್ಕೆ ಮೊದಲಿನಿಂದ ಬಂದ ದೊಡ್ಡ ಹೆಡ್ಡುಗಳಲ್ಲಿ ಇಲ್ಲಿ ಹೇಳುತ್ತಿರುವುದು ಎರಡು. ಒಂದು ಡೈರೆಕ್ಟ್ ಡ್ರೈವ್. ಇದರ ರೋಲರಿನ ಮೇಲೆ ಗಡಸು ನೈಲಾನ್ ಎಳೆಗಳು, ನಡುನಡುವೆ ಕಪ್ಪಗಿನ ಮೆತ್ತನೆಯ ಕಾರ್ಬನ್ ಫೈಬರ್ ಎಳೆಗಳು. ಇನ್ನೊಂದು ಫ್ಲಫಿ, ದಪ್ಪ ಮಕಮಲ್ ಬಟ್ಟೆ ಸುತ್ತಿದಂತಿರುವ ರೋಲರ್. ವಿ8ರ ಅಬ್ಸಲ್ಯೂಟ್ ಎಂಬ ಮಾದರಿಯ ಜೊತೆ ಎರಡೂ ಬರುತ್ತಿದ್ದವು. ಡೈರೆಕ್ಟ್ ಡ್ರೈವ್ ಕಾರ್ಪೆಟ್ಟಿಗೆಂದೇ ಹುಟ್ಟಿದ್ದು. ಎಳೆಗಳು ಕಾರ್ಪೆಟ್ಟಿನ ಬುಡಕ್ಕೆ ಇಳಿದು ಧೂಳು ಎಬ್ಬಿಸುತ್ತವೆ. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಅದೇ ಹೆಡ್ಡು ಅಕ್ಕಿಕಾಳು, ಸಾಸಿವೆಯಂಥವನ್ನು ಒಳಗೆಳೆಯುವ ಬದಲು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಫ್ಲಫಿಯ ಮುಂಭಾಗ ತೆರೆದಿರುವುದರಿಂದ ಕಾಳು ನೇರವಾಗಿ ರೋಲರಿನ ಕೆಳಗೆ ಹೋಗುತ್ತದೆ, ನುಣುಪು ಧೂಳನ್ನೂ ಬಟ್ಟೆ ಒರೆಸಿಕೊಳ್ಳುತ್ತದೆ. ನಮ್ಮ ಕಡೆಯ ಮನೆಗಳಿಗೆ ಫ್ಲಫಿಯೇ ಸರಿ. ಅಮೆರಿಕ, ಇಂಗ್ಲೆಂಡಿನಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಇರುವ ಮನೆಯವರಿಗೆ ಡೈರೆಕ್ಟ್ ಡ್ರೈವ್ ಬೇಕೇ ಬೇಕು.

ಎರಡರಲ್ಲೂ ಮೋಟಾರ್ ಇರುವುದು ರೋಲರಿನ ಹೊಟ್ಟೆಯೊಳಗೇ. ಬೆಲ್ಟ್ ಇಲ್ಲ. ತಿರುಗುವ ಬ್ರಷ್ಷಿಗೆ ಬೆಲ್ಟ್ ಕಟ್ಟುವ ಪದ್ಧತಿ ಬಹಳ ಹಳೆಯದು. 1908ರಲ್ಲಿ ಅಮೆರಿಕದ ಜೇಮ್ಸ್ ಮರ್ರಿ ಸ್ಪ್ಯಾಂಗ್ಲರ್ ಪೇಟೆಂಟ್ ಪಡೆದ ವಿದ್ಯುತ್ ಯಂತ್ರದಿಂದ ಹಿಡಿದು ಈಗಿನ ಎಷ್ಟೋ ಯಂತ್ರಗಳವರೆಗೆ ಅದೇ ನಡೆದುಬಂದಿದೆ. ಬೆಲ್ಟಿನ ಹೆಡ್ ನಿಂತರೆ ಬೆಲ್ಟ್ ಸಡಿಲವಾಗಿದೆ, ಇಲ್ಲವೇ ಹಲ್ಲು ಸವೆದಿದೆ, ಇಲ್ಲವೇ ತುಂಡಾಗಿದೆ. ಅಗ್ಗದ ಬೆಲ್ಟ್ ತಂದು ಹಾಕಿದರೆ ಮುಗಿಯಿತು. ವಿ8ರಲ್ಲಿ ಸವೆದು ತುಂಡಾಗುವ ಆ ಭಾಗವೇ ಇಲ್ಲ, ಇದು ದೊಡ್ಡ ಗುಣ. ಆದರೆ ಬೆಲ್ಟಿಗೆ ಇನ್ನೊಂದು ಉಪಯೋಗವೂ ಇತ್ತು. ರೋಲರ್ ಸಿಕ್ಕಿಕೊಂಡಾಗ ಬೆಲ್ಟ್ ಜಾರುತ್ತಿತ್ತು, ಮೋಟಾರ್ ಬದುಕುತ್ತಿತ್ತು. ಇಲ್ಲಿ ಸಿಕ್ಕಿಕೊಂಡ ಭಾರವೆಲ್ಲ ನೇರ ಮೋಟಾರಿನ ಮೇಲೆ. ಮೋಟಾರ್ ಸುಡಬಾರದೆಂದು ಹೆಡ್ ತನ್ನಷ್ಟಕ್ಕೆ ನಿಂತುಬಿಡುತ್ತದೆ. ಅಂದರೆ ಬ್ರಷ್ ನಿಂತದ್ದು ಎಷ್ಟೋ ಸಲ ಕೆಟ್ಟಿರುವ ಲಕ್ಷಣವಲ್ಲ, ಕೆಡದಂತೆ ಕಾಪಾಡಿಕೊಂಡ ಲಕ್ಷಣ. ಟ್ರಿಗರ್ ಬಿಟ್ಟು ಮತ್ತೆ ಒತ್ತಿದಾಗ ಒಂದೆರಡು ಸುತ್ತು ತಿರುಗಿ ಮತ್ತೆ ನಿಂತರೆ ಮೋಟಾರಿಗೆ ಜೀವ ಇದೆ, ಎಲ್ಲೋ ಬಿಗಿಯಾಗಿದೆ ಎಂದು ತಿಳಿಯಿರಿ. ಸಿಕ್ಕಿದ್ದನ್ನು ತೆಗೆಯದೆ ಟ್ರಿಗರ್ ಒತ್ತುತ್ತಲೇ ಇರುವುದು ಮಾತ್ರ ಒಳ್ಳೆಯ ಹೆಡ್ಡನ್ನು ಕೊಲ್ಲುವ ದಾರಿ.

ಕೆಲಸ ಶುರು ಮಾಡುವ ಮುಂಚೆ ಒಂದು ವ್ಯತ್ಯಾಸ ಗಮನಿಸಿ. ಇಡೀ ಯಂತ್ರವೇ ಹೊತ್ತಿ ಆರಿ, ಹೊತ್ತಿ ಆರಿ ಮಾಡುತ್ತಿದ್ದರೆ ತೊಂದರೆ ರೋಲರಿನದಲ್ಲ. ಗಾಳಿಯ ದಾರಿ ಕಟ್ಟಿದೆ: ಫಿಲ್ಟರ್ ತುಂಬಿದೆ, ಅಥವಾ ಪೈಪಿನಲ್ಲೋ ಹೆಡ್ಡಿನ ಬಾಯಲ್ಲೋ ಏನೋ ಕೂತಿದೆ. ವಿ8ರಲ್ಲಿ ಫಿಲ್ಟರ್ ಎರಡು, ಮೋಟಾರಿನ ಮುಂಚೆ ಒಂದು, ಆಮೇಲೆ ಒಂದು. ಎರಡನ್ನೂ ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ತೊಳೆದು ಕನಿಷ್ಠ 24 ಗಂಟೆ ಒಣಗಿಸಬೇಕು. ರಂಗೋಲಿ ಪುಡಿ ಎಳೆಯುವ ಮನೆಯಲ್ಲಿ ಫಿಲ್ಟರ್ ಇನ್ನೂ ಬೇಗ ತುಂಬುತ್ತದೆ, ಏಕೆಂದರೆ ಅದು ಧೂಳಲ್ಲ, ಅರೆದ ಕಲ್ಲು. ರಂಗೋಲಿಯನ್ನು ಪೊರಕೆಯಿಂದ ಗುಡಿಸಿ ತೆಗೆಯಿರಿ, ವ್ಯಾಕ್ಯೂಮ್ ಅದರ ಹತ್ತಿರ ಬೇಡ.

ಯಂತ್ರ ನಿಲ್ಲದೆ ಓಡುತ್ತಿದ್ದು ಬ್ರಷ್ ಮಾತ್ರ ನಿಂತಿದ್ದರೆ, ಮೊದಲು ಪೈಪ್ ಬಿಚ್ಚಿ ಹೆಡ್ಡನ್ನು ನೇರವಾಗಿ ಯಂತ್ರದ ಬಾಯಿಗೆ ಸಿಕ್ಕಿಸಿ ಟ್ರಿಗರ್ ಒತ್ತಿ. ತಿರುಗಿತೇ? ಹೆಡ್ ಚೆನ್ನಾಗಿದೆ, ದೋಷ ಪೈಪಿನದು. ಪೈಪ್ ನೋಡಲು ಬರೀ ಕೊಳವೆ, ಆದರೆ ಅದರ ಉದ್ದಕ್ಕೂ ಹೆಡ್ಡಿಗೆ ಕರೆಂಟ್ ಒಯ್ಯುವ ತಂತಿಗಳಿವೆ, ಎರಡೂ ತುದಿಯಲ್ಲಿ ಪಿನ್ನುಗಳಿವೆ. ಮಲ್ಟಿಮೀಟರ್ ಇದ್ದವರು ಪೈಪನ್ನು ಯಂತ್ರದಿಂದ ಬಿಡಿಸಿಟ್ಟುಕೊಂಡು ಮೇಲಿನ ತುದಿಯ ಒಂದೊಂದು ಪಿನ್ನಿನಿಂದ ಕೆಳಗಿನ ತುದಿಯ ಜೋಡಿ ಪಿನ್ನಿಗೆ ಕಂಟಿನ್ಯೂಟಿ, ಅಂದರೆ ತಂತಿ ನಡುವೆ ತುಂಡಾಗದೆ ಇದೆಯೇ ಎಂದು, ನೋಡಬಹುದು. ಬೀಪ್ ಬರದಿದ್ದರೆ ತಂತಿ ತುಂಡು, ಬದಲಿಸಬೇಕಾದ್ದು ಪೈಪ್.

ನೇರವಾಗಿ ಸಿಕ್ಕಿಸಿದರೂ ತಿರುಗದಿದ್ದರೆ ಸೋಫಾ, ಹಾಸಿಗೆಗೆಂದು ಕೊಟ್ಟಿರುವ ಸಣ್ಣ ಮೋಟಾರ್ ಬ್ರಷ್ಷನ್ನು ಅದೇ ಜಾಗಕ್ಕೆ ಹಾಕಿ ನೋಡಿ. ಅದು ತಿರುಗಿದರೆ ಯಂತ್ರದಿಂದ ಕರೆಂಟ್ ಸರಿಯಾಗಿ ಬರುತ್ತಿದೆ, ದೋಷ ದೊಡ್ಡ ಹೆಡ್ಡಿನಲ್ಲೇ ಇದೆ. ಅದೂ ತಿರುಗದಿದ್ದರೆ ಯಂತ್ರದ ಬಾಯಿಯ ಪಿನ್ನುಗಳನ್ನು ನೋಡಬೇಕು, ಹೆಡ್ ಕೊಂಡು ಉಪಯೋಗವಿಲ್ಲ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಹೆಡ್ಡಿಗೆ ದುಡ್ಡು ಹಾಕಬೇಡಿ.

ಪಿನ್ನುಗಳ ಮೇಲೆ ಧೂಳಿನ ಪೊರೆ ಕೂತರೂ ಕರೆಂಟ್ ದಾಟುವುದಿಲ್ಲ. ಒಣ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಪಿನ್ನು ಮಂಕಾಗಿ ಕಪ್ಪುಗಟ್ಟಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನ ಸಣ್ಣ ತುಂಡಿನಿಂದ ಹಗುರವಾಗಿ ಉಜ್ಜಿ, ಉದುರಿದ ಪುಡಿಯನ್ನು ಊದಿ ತೆಗೆಯಿರಿ. ಮರಳು ಕಾಗದ ಬೇಡ, ಮೇಲಿನ ಲೇಪವೇ ಹೋಗಿಬಿಡುತ್ತದೆ. ಒತ್ತಿ ಬಾಗಿಸಬೇಡಿ.

ಇನ್ನು ರೋಲರ್. ಹೆಡ್ಡನ್ನು ಯಂತ್ರದಿಂದ ಬಿಡಿಸಿಯೇ ಕೈ ಹಾಕಬೇಕು; ಸಿಕ್ಕಿಸಿಟ್ಟು ಕೂದಲು ಕೀಳುವಾಗ ಅಕಸ್ಮಾತ್ ಟ್ರಿಗರ್ ಒತ್ತಿದರೆ ಬೆರಳಿಗೆ ಅಪಾಯ. ಹೆಡ್ಡನ್ನು ಬೋರಲು ಹಾಕಿ. ಒಂದು ಪಕ್ಕದಲ್ಲಿ ಬೀಗದ ಚಿತ್ರವಿರುವ ತಿರುಪು ಕಾಣುತ್ತದೆ. ಸ್ಕ್ರೂಡ್ರೈವರ್ ಬೇಡ, ತೆಳ್ಳಗಿನ ನಾಣ್ಯ ಸಾಕು. ತೆರೆದ ಬೀಗದ ಕಡೆಗೆ ತಿರುಗಿಸಿದರೆ ಪಕ್ಕದ ಮುಚ್ಚಳ ಸಡಿಲವಾಗುತ್ತದೆ, ರೋಲರ್ ಜಾರಿ ಹೊರಗೆ ಬರುತ್ತದೆ. ಬರದಿದ್ದರೆ ಜೋರು ಮಾಡಬೇಡಿ, ತುದಿಯಲ್ಲಿ ಕೂದಲು ಹಿಡಿದುಕೊಂಡಿದೆ ಎಂದರ್ಥ. ಕಂಡಷ್ಟನ್ನು ಕತ್ತರಿಸಿ ಮತ್ತೆ ಎಳೆಯಿರಿ.

ಎಲ್ಲರೂ ತಪ್ಪುವುದು ಇಲ್ಲೇ. ರೋಲರಿನ ಮೈಮೇಲೆ ಸುತ್ತಿದ ಕೂದಲು ಕಣ್ಣಿಗೆ ಹೊಡೆಯುತ್ತದೆ, ಅದನ್ನು ಕತ್ತರಿಸಿ ತೆಗೆದು ಕೆಲಸ ಮುಗಿಯಿತು ಎನ್ನುತ್ತಾರೆ. ಬ್ರಷ್ಷನ್ನು ನಿಲ್ಲಿಸುವುದು ಆ ಕೂದಲಲ್ಲ. ರೋಲರ್ ತಿರುಗಿದಂತೆಲ್ಲ ಕೂದಲು ಮೆಲ್ಲಗೆ ತುದಿಯ ಕಡೆಗೆ ಸರಿಯುತ್ತದೆ, ಮುಚ್ಚಳದೊಳಗೆ ಗೂಟದಂತಿರುವ ಸಣ್ಣ ಅಕ್ಷಕ್ಕೆ ಸುತ್ತಿಕೊಳ್ಳುತ್ತದೆ. ಅದರ ಮೇಲೆ ಧೂಳು, ಮತ್ತೆ ಕೂದಲು, ಮತ್ತೆ ಧೂಳು. ಕೆಲವು ತಿಂಗಳಲ್ಲಿ ಕಂಬಳಿಯಂತೆ ಒತ್ತಾದ, ಬೂದು ಬಣ್ಣದ ಗಟ್ಟಿ ಉಂಗುರವೊಂದು ಅಲ್ಲಿ ಕಟ್ಟಿರುತ್ತದೆ. ಮುಚ್ಚಳದ ಭಾಗವೇ ಇರಬೇಕು ಎಂದು ಭ್ರಮೆ ಹುಟ್ಟಿಸುವಷ್ಟು ದುಂಡಗೆ. ಉಗುರಿನಿಂದ ಕೆರೆದು ನೋಡಿ, ಎಳೆ ಎದ್ದರೆ ಅದು ಕೂದಲು. ಮಲ್ಲಿಗೆ, ಕನಕಾಂಬರದ ದಂಡೆಯ ದಾರ, ಸೀರೆ ಕುಚ್ಚಿನ ರೇಷ್ಮೆ ಎಳೆ ಸೇರಿಕೊಂಡಿದ್ದರೆ ಇನ್ನೂ ಬಿಗಿ, ಯಾಕೆಂದರೆ ದಾರಕ್ಕೆ ಕೂದಲಿನಂತೆ ತುಂಡಾಗುವ ಗುಣವಿಲ್ಲ.

ಇದನ್ನು ತೆಗೆಯಲು ಕತ್ತರಿಗಿಂತ ದರ್ಜಿಗಳು ಹೊಲಿಗೆ ಬಿಚ್ಚಲು ಬಳಸುವ ಸೀಮ್ ರಿಪ್ಪರ್ ವಾಸಿ. ಗುಂಡು ತುದಿಯನ್ನು ಕೂದಲಿನ ಅಡಿಗೆ ತೂರಿಸಿ ಮೇಲಕ್ಕೆ ಎತ್ತಿದರೆ ಒಳಗಿನ ಅಲಗು ಕತ್ತರಿಸುತ್ತದೆ. ಉಂಗುರವನ್ನು ಎರಡು ಕಡೆ ಕತ್ತರಿಸಿ ಚಿಮಟದಿಂದ ಎಳೆದರೆ ಅರ್ಧ ಬಳೆಗಳಂತೆ ಕಳಚಿ ಬರುತ್ತದೆ. ಡೈರೆಕ್ಟ್ ಡ್ರೈವ್ ರೋಲರಿನ ಮೈಮೇಲೆ ಎಳೆಗಳ ಸಾಲುಗಳ ನಡುವೆ ಖಾಲಿ ಜಾಗವಿದೆ, ಆ ದಾರಿಗುಂಟವೇ ಕತ್ತರಿಸಿ. ಅಡ್ಡ ಕತ್ತರಿಸಿದರೆ ಎಳೆಗಳೇ ಹೋಗುತ್ತವೆ. ಫ್ಲಫಿಯ ಬಟ್ಟೆಗೆ ಅಲಗು ತಾಗಿಸಲೇಬಾರದು, ಕೈಯಿಂದಲೇ ಬಿಡಿಸಿ. ಫ್ಲಫಿಯಲ್ಲಿ ದೊಡ್ಡ ರೋಲರಿನ ಹಿಂದೆ ಇನ್ನೊಂದು ಸಣ್ಣ ರೋಲರ್ ಇದೆ. ಅದನ್ನು ಬಿಚ್ಚದೆ ಬಿಡುವವರೇ ಹೆಚ್ಚು, ಕೂದಲು ಅಲ್ಲೂ ಅಷ್ಟೇ ಸುತ್ತಿರುತ್ತದೆ. ಅಡಿಯ ಪುಟ್ಟ ಗಾಲಿಗಳನ್ನೂ ಒಮ್ಮೆ ತಿರುಗಿಸಿ ನೋಡಿ.

ತೊಳೆಯುವ ವಿಷಯದಲ್ಲಿ ಎರಡು ಹೆಡ್ಡಿಗೂ ಒಂದೇ ನಿಯಮವಲ್ಲ. ಫ್ಲಫಿಯ ಎರಡೂ ರೋಲರುಗಳನ್ನು ನಲ್ಲಿಯ ಕೆಳಗೆ ಸೋಪಿಲ್ಲದೆ ತೊಳೆಯಬಹುದು. ನೆಟ್ಟಗೆ ನಿಲ್ಲಿಸಿ ಕನಿಷ್ಠ 24 ಗಂಟೆ ಒಣಗಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ 24 ಗಂಟೆ ಸಾಲದು, ಎರಡು ದಿನ ಬಿಡಿ. ಬೆರಳಲ್ಲಿ ಹಿಂಡಿದಾಗ ತಣ್ಣಗೆನಿಸಿದರೂ ಒಳಗೆ ತೇವ ಇದೆ. ಒಲೆಯ ಹತ್ತಿರ, ಓವನ್ನಿನಲ್ಲಿ ಇಟ್ಟು ಅವಸರ ಮಾಡಬೇಡಿ. ಡೈರೆಕ್ಟ್ ಡ್ರೈವ್ ರೋಲರಿಗೆ ನೀರು ಮುಟ್ಟಿಸಲೇಬಾರದು. ಎರಡರಲ್ಲಿ ಯಾವುದೇ ಆದರೂ ರೋಲರ್ ಮೋಟಾರಿನ ಮೇಲೆ ತೊಡಿಸಿದ ಕೊಳವೆಯಂತೆ, ಅದನ್ನು ತೆಗೆದ ಮೇಲೆ ಉಳಿಯುವ ಭಾಗದಲ್ಲೇ ಮೋಟಾರ್ ಇದೆ, ಅದಕ್ಕೆ ಒದ್ದೆ ಬಟ್ಟೆಯೂ ಬೇಡ. ನೆಲ ಒರೆಸಿದ ಕೂಡಲೇ ಈ ಯಂತ್ರ ಓಡಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಒದ್ದೆ ಧೂಳು ಅಕ್ಷದ ಸುತ್ತ ಗಾರೆಯಂತೆ ಗಟ್ಟಿಯಾಗುತ್ತದೆ.

ರೋಲರ್ ಬಿಗಿ ಎನಿಸಿದರೆ ಹೊಲಿಗೆ ಯಂತ್ರದ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಎರಡು ಹನಿ ಬಿಡೋಣ ಎನಿಸುವುದು ಸಹಜ. ಕೈಪಿಡಿ ಯಾವ ಎಣ್ಣೆಯೂ ಬೇಡ ಎನ್ನುತ್ತದೆ, ಅದು ಸರಿಯಾದ ಮಾತು. ಧೂಳಿನಲ್ಲೇ ತಿರುಗುವ ಅಕ್ಷಕ್ಕೆ ಎಣ್ಣೆ ಬಿದ್ದರೆ ನಾಲ್ಕು ದಿನ ಸಲೀಸು, ಐದನೆಯ ದಿನಕ್ಕೆ ಕಪ್ಪು ಲೇಹ್ಯ.

ಮತ್ತೆ ಜೋಡಿಸುವಾಗ ರೋಲರನ್ನು ಕಡೆಯವರೆಗೆ ತಳ್ಳಿ, ಮುಚ್ಚಳ ಸಮನಾಗಿ ಕೂತ ಮೇಲೆ ನಾಣ್ಯದಿಂದ ಬೀಗ ಹಾಕಿ. ಕೈಯಲ್ಲಿ ತಿರುಗಿಸಿದಾಗ ಒಂದು ಸುತ್ತಿಗೂ ಒಂದೇ ಸಮ ತಡೆ ಇರಬೇಕು. ಒಂದೇ ಜಾಗದಲ್ಲಿ ಗಕ್ಕನೆ ನಿಂತರೆ ಮುಚ್ಚಳ ಓರೆಯಾಗಿದೆ ಅಥವಾ ಕೂದಲು ಉಳಿದಿದೆ. ಸ್ವಚ್ಛ ಮಾಡಿದ ಮೇಲೂ ತಿರುಗಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಓರೆ ಮುಚ್ಚಳವೇ.

ಹೆಡ್ಡಿನ ಕತ್ತು ಈ ವಿನ್ಯಾಸದ ನಿಜವಾದ ದೌರ್ಬಲ್ಯ. ಆಚೀಚೆ ಹೊರಳುವ ಆ ಕೀಲಿನೊಳಗೆ ತಂತಿಗಳೂ ಹೊರಳುತ್ತವೆ, ಸಾವಿರಾರು ಸಲ ಬಾಗಿ ಒಳಗೊಳಗೇ ತುಂಡಾಗುತ್ತವೆ. ಇದರ ಗುರುತು ಸ್ಪಷ್ಟ: ಹೆಡ್ಡನ್ನು ಎಡಕ್ಕೆ ಹೊರಳಿಸಿದರೆ ತಿರುಗುತ್ತದೆ, ಬಲಕ್ಕೆ ಹೊರಳಿಸಿದರೆ ನಿಲ್ಲುತ್ತದೆ. ಹಾಗಾದರೆ ಎಷ್ಟು ಕೂದಲು ತೆಗೆದರೂ ಪ್ರಯೋಜನವಿಲ್ಲ. ಬೆಸುಗೆ ಹಾಕಲು ಬರುವವರು ಕವಚ ಬಿಚ್ಚಿ ತಂತಿ ಬದಲಿಸಬಲ್ಲರು, ಆದರೆ ಪ್ಲಾಸ್ಟಿಕ್ ಕೊಕ್ಕೆ ಮುರಿಯದೆ ಬಿಚ್ಚುವುದು ಕಷ್ಟ. ನಾಣ್ಯದಿಂದ ರೋಲರ್ ತೆಗೆಯಲು ಬಿಟ್ಟವರು, ತಂತಿಯನ್ನೂ ಬದಲಿಸುವಂತೆ ಮಾಡಬಹುದಿತ್ತು. ವಾರಂಟಿ ಇದ್ದರೆ ಬಿಚ್ಚಲು ಹೋಗದೆ ಸರ್ವಿಸ್‌ಗೆ ಕೊಡಿ.

ಕತ್ತು ಅಲ್ಲಾಡಿಸಿದರೂ ಸುದ್ದಿಯಿಲ್ಲ, ಪಿನ್ನು ಹೊಳೆಯುತ್ತಿದೆ, ರೋಲರ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ, ಸಣ್ಣ ಬ್ರಷ್ ಅದೇ ಯಂತ್ರದಲ್ಲಿ ಓಡುತ್ತದೆ: ಆಗ ಮೋಟಾರ್ ಅಥವಾ ಅದರ ಸರ್ಕ್ಯೂಟ್ ಹೋಗಿದೆ ಎನ್ನಬಹುದು. ಸುಟ್ಟ ವಾಸನೆ ಬಂದಿದ್ದರೂ ಅಷ್ಟೇ. ಹೊಸ ಹೆಡ್ ತರುವುದೇ ದಾರಿ. ಬೇರೆ ಕಂಪನಿಗಳ ಅಗ್ಗದ ಹೆಡ್ಡುಗಳೂ ಸಿಗುತ್ತವೆ. ಕೊಳ್ಳುವಾಗ ಪಿನ್ನು ಹೊಂದುತ್ತದೆಯೇ ಎಂಬುದರ ಜೊತೆಗೆ ರೋಲರ್ ಬಿಚ್ಚಲು ಬರುತ್ತದೆಯೇ ಎಂದೂ ನೋಡಿ, ಬಿಚ್ಚಲಾಗದ ಹೆಡ್ ಮೊದಲ ಕೂದಲಿನ ಉಂಗುರಕ್ಕೇ ಕಸವಾಗುತ್ತದೆ. ವಿ6ರ ಹೆಡ್ ವಿ8ಕ್ಕೆ ಕೂರುವುದಿಲ್ಲ, ನೋಡಲು ಒಂದೇ ಥರ ಇದ್ದರೂ ಜೋಡಣೆ ಬೇರೆ.

ದಪ್ಪ ರಗ್ಗಿನ ಮೇಲೆ ಮ್ಯಾಕ್ಸ್ ಮೋಡ್ ಹಾಕಿದಾಗ ಮಾತ್ರ ಬ್ರಷ್ ನಿಲ್ಲುತ್ತದೆ ಎನ್ನುವವರು ಮಾಡಬೇಕಾದ್ದು ಇಷ್ಟೇ: ಮ್ಯಾಕ್ಸ್ ತೆಗೆಯಿರಿ. ಜೋರು ಎಳೆತಕ್ಕೆ ಹೆಡ್ ರಗ್ಗಿಗೆ ಅಂಟಿಕೊಂಡು ರಗ್ಗಿನ ಎಳೆಗಳೇ ರೋಲರನ್ನು ಹಿಡಿದು ನಿಲ್ಲಿಸುತ್ತವೆ. ಸಾಮಾನ್ಯ ವೇಗದಲ್ಲಿ ನಿಧಾನವಾಗಿ ಎರಡು ಸಲ ಎಳೆದರೆ ಹೆಚ್ಚು ಕಸ ಬರುತ್ತದೆ. ಮನೆಯಲ್ಲಿ ಉದ್ದ ಕೂದಲಿನವರು ಇಬ್ಬರಿದ್ದರೆ ಹದಿನೈದು ದಿನಕ್ಕೊಮ್ಮೆ ಆ ತುದಿಯ ಮುಚ್ಚಳ ಬಿಚ್ಚಿ ನೋಡಿ. ಉಂಗುರ ಮೆತ್ತಗಿರುವಾಗ ಬೆರಳಲ್ಲೇ ಕಳಚಿ ಬರುತ್ತದೆ.