ಹಾಸಿಗೆಯಿಂದ ಎದ್ದವರೇ ಡೆಡ್‌ಲಿಫ್ಟ್‌ಗೆ ನಿಲ್ಲಬೇಡಿ

ಎದ್ದು 20 ನಿಮಿಷಕ್ಕೆಲ್ಲ ಜಿಮ್‌ನಲ್ಲಿರುವುದು ನನ್ನ ಅಭ್ಯಾಸವಾಗಿತ್ತು. ಆವತ್ತು ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ತೂಕದ ಬಾರನ್ನು ಬಗ್ಗಿ ಹಿಡಿದು ಎತ್ತಿ ನಿಲ್ಲುವ ವ್ಯಾಯಾಮದಲ್ಲಿ, ಎತ್ತಿದ್ದು 80 ಕೆಜಿ. ಹೊಸ ತೂಕವೇನಲ್ಲ, ತಿಂಗಳುಗಟ್ಟಲೆ ಎತ್ತಿದ್ದೆ. ಐದನೇ ಸಲ ಎತ್ತಿ ಬಾರ್ ಕೆಳಗಿಡುವಾಗ ಉಸಿರು ಬಿಟ್ಟೆ. ಹೊಟ್ಟೆ ಸಡಿಲವಾಯಿತು, ಬೆನ್ನು ಗೂನಾಯಿತು. ಸೊಂಟದಲ್ಲಿ ಚಳಕ್ ಅಂದಿತು.

ಸ್ನಾಯು ಹಿಡಿದುಕೊಂಡಿರಬೇಕು ಅಂದುಕೊಂಡು ಇನ್ನೊಂದು ಸೆಟ್ ಮಾಡಿದೆ. ಸಾಲದ್ದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟಿ ಸ್ಟ್ರೆಚ್ ಮಾಡಿದೆ. ನೀವು ಹಾಗೆ ಮಾಡಲೇಬೇಡಿ, ಅಲ್ಲಿಗೇ ನಿಲ್ಲಿಸಿ.

ಎರಡು ದಿನಕ್ಕೆ ನೋವು ಎಡಗಾಲಿಗೆ ಇಳಿಯಿತು. ಸೀನಿದರೆ ಮೀನಖಂಡದವರೆಗೂ ಕರೆಂಟ್ ಹೊಡೆದ ಹಾಗೆ. ಆ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಆಗಲಿಲ್ಲ. ಎಂಆರ್‌ಐಯಲ್ಲಿ ಎಲ್5-ಎಸ್1 ಡಿಸ್ಕ್ (ಸೊಂಟದ ಕೊನೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವಿನ ಮೆತ್ತೆ) ಹಿಂದಕ್ಕೆ ಉಬ್ಬಿ ನರವನ್ನು ಒತ್ತುತ್ತಿತ್ತು.

ಡಿಸ್ಕ್ ಒಳಗಿರುವುದು ಮೆತ್ತನೆಯ ಲೋಳೆ, ಸುತ್ತ ನಾರಿನ ಪದರಗಳು. ರಾತ್ರಿ ಮಲಗಿದಾಗ ಅದು ನೀರು ಹೀರಿ ಉಬ್ಬುತ್ತದೆ. ಬೆಳಗ್ಗೆ ನಾವೆಲ್ಲ 1 ಸೆಂಟಿಮೀಟರ್‌ನಷ್ಟು ಎತ್ತರ ಜಾಸ್ತಿ ಇರುವುದು ಅದಕ್ಕೇ. ಹೀಗೆ ಬಿಗಿದುಕೊಂಡ ಡಿಸ್ಕ್ ಮೇಲೆ ಬೆನ್ನು ಬಗ್ಗಿಸಿ ಭಾರ ಹಾಕಿದರೆ ಹಿಂಭಾಗದ ನಾರುಗಳ ಮೇಲೆ ಎಳೆತ ತುಂಬಾ ಹೆಚ್ಚುತ್ತದೆ. ನರಗಳು ಇರುವುದೂ ಹಿಂದುಗಡೆಯೇ ಅಲ್ವಾ? ಎದ್ದು ಓಡಾಡಿದರೆ ಮೊದಲ ಒಂದು ಗಂಟೆಯಲ್ಲೇ ಆ ನೀರಿನ ದೊಡ್ಡ ಪಾಲು ಇಳಿಯುತ್ತದೆ. ಆ ಒಂದು ಗಂಟೆ ಕಾಯಿರಿ ಅನ್ನುವುದೇ ನನ್ನ ಬೇಡಿಕೆ. ಕಾಯಲು ಆಗದಿದ್ದರೆ ಆ ಹೊತ್ತಿಗೆ ಬೆನ್ನು ಬಗ್ಗದ ವ್ಯಾಯಾಮ ಇಟ್ಟುಕೊಳ್ಳಿ.

ಬೆಲ್ಟ್ ಕಟ್ಟಿರಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕಟ್ಟಿದ್ದೆ. ಹೊಟ್ಟೆ ಬಿಗಿ ಹಿಡಿದಾಗ ಒತ್ತಲು ಅದೊಂದು ಆನಿಕೆ, ಅಷ್ಟೇ. ಉಸಿರು ಬಿಟ್ಟ ಮೇಲೆ ಅದರಿಂದ ಏನೂ ಆಗಲಿಲ್ಲ.

ಆಪರೇಷನ್ ಬೇಕಾಗಲಿಲ್ಲ. ಬಹಳಷ್ಟು ಜನರಿಗೆ ಬೇಕಾಗುವುದೂ ಇಲ್ಲ. ಆದರೆ ಡಿಸ್ಕ್‌ಗೆ ರಕ್ತದ ಪೂರೈಕೆ ತೀರಾ ಕಡಿಮೆ, ಗಾಯ ನಿಧಾನವಾಗಿ ಮಾಗುತ್ತದೆ. ನನಗೆ ನಾಲ್ಕು ತಿಂಗಳು ಹಿಡಿಯಿತು. ಈಗ ಬಾರನ್ನು ಎತ್ತರದ ಕಟ್ಟೆಯ ಮೇಲಿಟ್ಟು ಎತ್ತುತ್ತೇನೆ, ಕಾಲಿಗೆ ತಾಗಿಕೊಂಡೇ ಮೇಲೆ ತರುತ್ತೇನೆ. ಬಾರ್ ಕೆಳಗೆ ಕೂರುವವರೆಗೂ ಹೊಟ್ಟೆಯ ಬಿಗಿ ಬಿಡುವುದಿಲ್ಲ. ಬೆನ್ನು ಗೂನಾಗುತ್ತಿದೆ ಅನ್ನಿಸಿದರೆ ಸೆಟ್ ಅಲ್ಲಿಗೇ ಮುಗಿಯಿತು.

ಈಗಾಗಲೇ ಪೆಟ್ಟಾಗಿರುವವರು ಗಮನಿಸಿ. ತೊಡೆಸಂದಿ, ಗುದದ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲು ಆಗದಿದ್ದರೆ, ಎರಡೂ ಕಾಲು ಸೋತುಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ ತುರ್ತು ಚಿಕಿತ್ಸೆಗೆ ಹೋಗಿ.