ರ‍್ಯಾಮ್ ಯಾವ ಸ್ಲಾಟಿಗೆ? ನನ್ನ ಓಟು ಎರಡು–ನಾಲ್ಕಕ್ಕೆ

ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಸ್ಲಾಟ್ ಇರುವ ಕಂಪ್ಯೂಟರ್ ಮದರ್‌ಬೋರ್ಡಿಗೆ ಎರಡು ರ‍್ಯಾಮ್ ಹಾಕುವುದಾದರೆ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿ. ಬೋರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಎ2, ಬಿ2 ಅಂತ ಬರೆದಿರುತ್ತದೆ. ಇಷ್ಟು ತಿಳಿಯುವಷ್ಟರಲ್ಲಿ ನನ್ನ ಒಂದು ಮದುವೆ ಸೀಸನ್ನೇ ಕಳೆದುಹೋಗಿತ್ತು.

ಹಾಸನದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ರೈಜನ್ 5 5600ಜಿ ಪ್ರೊಸೆಸರ್, ಬಿ550 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅಂಗಡಿಯವರೇ ಜೋಡಿಸಿಕೊಟ್ಟರು. ಆನ್ ಮಾಡಿದರೆ 16 ಜಿಬಿ ತೋರಿಸಿತು, ಖುಷಿಯಾಗಿ ಮನೆಗೆ ತಂದೆ.

ಅವರು ಹಾಕಿದ್ದು ಅಕ್ಕಪಕ್ಕದ ಒಂದು ಮತ್ತು ಎರಡಕ್ಕೆ. ಆ ಎರಡೂ ಒಂದೇ ಚಾನೆಲ್ಲಿಗೆ, ಅಂದರೆ ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಒಂದೇ ದಾರಿಗೆ, ಸೇರಿದವು. ಹಾಸನಾಂಬೆ ದರ್ಶನಕ್ಕೆ ಎರಡು ಸಾಲು ಮಾಡಿ, ಬಂದವರನ್ನೆಲ್ಲ ಒಂದೇ ಸಾಲಿಗೆ ಬಿಟ್ಟ ಹಾಗೆ. 3200ರ ವೇಗದಲ್ಲಿ ಒಂದು ಚಾನೆಲ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡು ಸೇರಿದರೆ 51.2. ನನ್ನ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೂ ಇದೇ ರ‍್ಯಾಮ್ ಬೇಕು. ಹಾಗಾಗಿ ಪೆಟ್ಟು ಜಾಸ್ತಿ ಬಿತ್ತು. ಧಾರೆ ಎರೆಯುವ ಶಾಟ್ ಪ್ರಿವ್ಯೂನಲ್ಲಿ ತಡೆದು ತಡೆದು ಓಡುತ್ತಿತ್ತು. ಕಂಪ್ಯೂಟರಿನ ಒಳವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ನೋಡಿದ ಮೇಲೆ ಗೊತ್ತಾಯಿತು, ಕೆಲಸ ಮಾಡುತ್ತಿರುವುದು ಒಂದೇ ಚಾನೆಲ್ ಅಂತ.

ನಾನೇ ಕ್ಯಾಬಿನೆಟ್ ಬಿಚ್ಚಿದೆ. ಮೊದಲನೆಯದು ಇದ್ದಲ್ಲೇ ಇರಲಿ, ಇನ್ನೊಂದನ್ನು ಮೂರಕ್ಕೆ ಹಾಕಿದರೆ ಸಾಕಲ್ವಾ ಅಂದುಕೊಂಡೆ. ಎರಡೂ ಚಾನೆಲ್ ಬಂದವು. ಆದರೆ ರ‍್ಯಾಮ್ ಓಡುತ್ತಿದ್ದದ್ದು 2400ರಲ್ಲಿ. 3200 ಬೇಕು ಅಂದರೆ ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಮಾಡಬೇಕು. ಮಾಡಿದೆ. ಪರದೆ ಕಪ್ಪಾಯಿತು. ಫ್ಯಾನ್ ತಿರುಗುತ್ತಿದೆ, ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಅಂತ ಬರೆದ ಪುಟ್ಟ ದೀಪ ಉರಿಯುತ್ತಿದೆ, ಬೇರೇನೂ ಇಲ್ಲ. ಮೂರು ಸಲ ತಾನಾಗಿ ಆಫ್ ಆಗಿ ಆನ್ ಆಯಿತು. ಕೊನೆಗೆ ಮತ್ತೆ 2400ಕ್ಕೇ ಇಳಿದು ನಿಂತಿತು.

ಇದಕ್ಕಿಂತ ಕೆಟ್ಟದ್ದು ಮರುದಿನ ಆಯಿತು. 3200ರಲ್ಲೇ ವಿಂಡೋಸ್ ಬಂತು. ಸರಿಹೋಯಿತು ಅಂದುಕೊಂಡು ರಾತ್ರಿ ಒಂದು ಆರತಕ್ಷತೆಯ ವಿಡಿಯೊ ಎಕ್ಸ್‌ಪೋರ್ಟ್‌ಗೆ ಬಿಟ್ಟು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಮುಕ್ಕಾಲು ಭಾಗದಲ್ಲಿ ನಿಂತುಬಿಟ್ಟಿತ್ತು. ಪಾರ್ಟಿಯವರು ಹತ್ತು ಗಂಟೆಗೆ ಪೆನ್‌ಡ್ರೈವ್ ತಗೊಂಡು ಬರುವವರಿದ್ದರು. ಯುಪಿಎಸ್ ಮೇಲೆ ಅನುಮಾನಪಟ್ಟೆ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದೆ. ಎರಡನ್ನೂ ಅದಲು ಬದಲು ಮಾಡಿದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದರೆ ಮೊದಲ ಸುತ್ತಿನಲ್ಲೇ ತಪ್ಪುಗಳು. ರ‍್ಯಾಮೇ ಕೆಟ್ಟಿದೆ ಅಂತ ವಾರಂಟಿಗೆ ಕಳಿಸಲು ಬಿಲ್ಲು ಹುಡುಕುವಾಗ, ಅದೇ ಕವರಿನಲ್ಲಿ ಬೋರ್ಡಿನ ಪುಸ್ತಕ ಸಿಕ್ಕಿತು. ಎರಡು ರ‍್ಯಾಮಿಗೆ ಎ2, ಬಿ2 ಅಂತ ಚಿತ್ರ ಹಾಕಿಯೇ ತೋರಿಸಿದ್ದರು.

ಕಾರಣ ಸರಳ. ಇಂಥ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಹೊರಟ ಒಂದೊಂದು ಚಾನೆಲ್ಲಿನ ಸಿಗ್ನಲ್ ಗೆರೆಯೂ ಆ ಚಾನೆಲ್ಲಿನ ಮೊದಲ ಸ್ಲಾಟ್ ಮುಟ್ಟಿ, ಎರಡನೆಯದರಲ್ಲಿ ಕೊನೆಯಾಗುತ್ತದೆ. ಕೊನೆಯ ಸ್ಲಾಟ್ ಖಾಲಿ ಇದ್ದರೆ ಸಿಗ್ನಲ್ ಅಲ್ಲಿಗೆ ಹೋಗಿ ಬಡಿದು ವಾಪಸ್ ಬರುತ್ತದೆ. ಜನ ಇಲ್ಲದ ಕಲ್ಯಾಣ ಮಂಟಪದಲ್ಲಿ ಮೈಕ್ ಹಿಡಿದು ಮಾತಾಡಿದರೆ ಮಾತಿನ ಮೇಲೆ ಮಾತು ಬರುತ್ತದಲ್ಲ, ಹಾಗೆ. ನಿಧಾನವಾಗಿ ಮಾತಾಡಿದರೆ ಹೇಗೋ ಅರ್ಥವಾಗುತ್ತದೆ, ಬೇಗ ಬೇಗ ಹೇಳಿದರೆ ಎಲ್ಲ ಕಲಸಿಹೋಗುತ್ತದೆ. 2400ರಲ್ಲಿ ನಡೆದದ್ದು 3200ರಲ್ಲಿ ನಡೆಯದೆ ಹೋದದ್ದು ಇದಕ್ಕೇ.

ಎರಡು–ನಾಲ್ಕಕ್ಕೆ ಬದಲಾಯಿಸಿದೆ. ಮೊದಲ ಸಲಕ್ಕೇ 3200 ಹಿಡಿಯಿತು. ಮೆಮ್‌ಟೆಸ್ಟ್ ನಾಲ್ಕು ಸುತ್ತು ಓಡಿತು, ಒಂದೂ ತಪ್ಪಿಲ್ಲ. ಪ್ರಿವ್ಯೂ ತಡೆಯುವುದು ನಿಂತಿತು. ಒಂದನೇ ಸ್ಲಾಟ್ ಖಾಲಿ ಇರುವುದರಿಂದ ದೊಡ್ಡ ಕೂಲರ್ ಕೂರಿಸಲೂ ಜಾಗ ಆಯಿತು.

ನಾಲ್ಕೂ ತುಂಬಿಯೂ ನೋಡಿದೆ, ಗೆಳೆಯನ ಎರಡು ರ‍್ಯಾಮ್ ತಂದು. ನನ್ನ ಬೋರ್ಡಿನಲ್ಲಿ 3200 ನಿಲ್ಲಲಿಲ್ಲ, 2933ಕ್ಕೆ ಇಳಿಸಬೇಕಾಯಿತು. ಪ್ರೊಸೆಸರ್ ಮೇಲೆ ಹೊರೆ ಜಾಸ್ತಿ ಆಗುತ್ತದೆ. ಹೆಚ್ಚು ಜಿಬಿ ಬೇಕೇ ಬೇಕು ಅನ್ನುವವರಿಗೆ ಪರವಾಗಿಲ್ಲ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಇನ್ನೆರಡು 8 ಜಿಬಿ ಸೇರಿಸುವುದೇ ಅಗ್ಗದ ದಾರಿ, ಒಪ್ಪುತ್ತೇನೆ. ಆದರೆ ನಾನು ರಾತ್ರಿ ಎಕ್ಸ್‌ಪೋರ್ಟ್‌ಗೆ ಬಿಟ್ಟು ಮಲಗುವವನು. ಬೆಳಗ್ಗೆ ಫೈಲ್ ರೆಡಿ ಇರಬೇಕು. 32 ಜಿಬಿ ಬೇಕಾದ ದಿನ ಇವೆರಡನ್ನು ಮಾರಿ, 16ರ ಜೋಡಿ ತಂದು ಮತ್ತೆ ಎರಡು–ನಾಲ್ಕಕ್ಕೇ ಹಾಕುತ್ತೇನೆ.

ಸದ್ಯಕ್ಕೆ ಒಂದೇ ರ‍್ಯಾಮ್ ಇದ್ದರೆ ಅದು ಎ2ಗೆ ಹೋಗಲಿ. ಕೆಲವು ಬೋರ್ಡಿನಲ್ಲಿ ಕ್ರಮ ಬೇರೆ ಇರಬಹುದು, ಪುಸ್ತಕದ ಚಿತ್ರ ಒಮ್ಮೆ ನೋಡಿ. ಕರೆಂಟ್ ವೈರ್ ತೆಗೆದು, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಆಮೇಲೆ ಕೈ ಹಾಕಿ. ಕೆಲವು ಬೋರ್ಡಿನಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ. ಆಗ ಇನ್ನೊಂದು ತುದಿ ಅರ್ಧ ಕೂತಿದ್ದರೂ ಗೊತ್ತಾಗುವುದಿಲ್ಲ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ.