ಮೈನಸ್ 15ರಲ್ಲಿ ಸೈಕಲ್ ಸವಾರಿ: ಅಗ್ಗದ ನಾಲ್ಕು ಬಗೆಯ ಗಾಗಲ್‌ಗಳ ಹೋಲಿಕೆ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ ಮೈನಸ್ 13 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. 2019ರ ಜನವರಿಯ ಕೊನೆಯಲ್ಲಿ ಅದು ಮೈನಸ್ 33ರವರೆಗೂ ಇಳಿದಿತ್ತು. ಆದರೂ ಮಿಡ್‌ಟೌನ್ ಗ್ರೀನ್‌ವೇಯಂಥ ಪ್ರತ್ಯೇಕ ಸೈಕಲ್ ದಾರಿಗಳಿಂದ ಹಿಮವನ್ನು ತೆಗೆಸುವ ವ್ಯವಸ್ಥೆ ಇರುವುದರಿಂದ, ಚಳಿಗಾಲದಲ್ಲೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವರು ಇಲ್ಲಿದ್ದಾರೆ. ಕೈಗವಸು, ಬೂಟು, ಮೊಳೆ ಹಾಕಿದ ಟೈರುಗಳ ವಿಷಯದಲ್ಲಿ ಅವರಿಂದ ಬೇಕಾದಷ್ಟು ಸಲಹೆ ಸಿಗುತ್ತದೆ. ಕಣ್ಣಿನ ಮಾತು ಬಂದಾಗ ಮಾತ್ರ ‘ಒಂದು ಸ್ಕೀ ಗಾಗಲ್ ಕೊಂಡುಬಿಡಿ’ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಆ ಸಲಹೆ ಅರ್ಧ ಸರಿ. 40 ಡಾಲರಿನೊಳಗೆ ಸಿಗುವ ನಾಲ್ಕು ಬಗೆಗಳನ್ನು ಒಂದೇ ದಾರಿಯಲ್ಲಿ, ಒಂದೇ ಮುಖಗವಸಿನೊಂದಿಗೆ ಧರಿಸಿ ನೋಡಿದ ನನಗೆ, ಬಿಟ್ಟ ಉಸಿರು ಯಾವ ಕಡೆಗೆ ಹೋಗುತ್ತದೆ ಮತ್ತು ಸಂಜೆಗತ್ತಲಲ್ಲಿ ಗಾಜು ಎಷ್ಟು ಬೆಳಕನ್ನು ಒಳಬಿಡುತ್ತದೆ ಎಂಬ ಎರಡು ಪ್ರಶ್ನೆಗಳೇ ಮುಖ್ಯವೆಂದು ತೋರಿದೆ. ಬೆಲೆ, ಬ್ರ್ಯಾಂಡು, ಪಟ್ಟಿಯ ಅಂದಚಂದಗಳೆಲ್ಲ ಆಮೇಲಿನ ಮಾತು.

ಕಣ್ಣಿಗೆ ರಕ್ಷಣೆ ಏಕೆ ಬೇಕೆಂಬುದನ್ನು ಮೊದಲು ಹೇಳಬೇಕು. ಗಾಳಿಯೇ ಬೀಸದ ದಿನವೂ ಸೈಕಲ್ ಸವಾರನು ಗಂಟೆಗೆ 20 ಕಿಲೋಮೀಟರಿನ ಗಾಳಿಯನ್ನು ತಾನೇ ಉಂಟುಮಾಡಿಕೊಳ್ಳುತ್ತಾನೆ. ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ, ಮೈನಸ್ 20 ಡಿಗ್ರಿಯಲ್ಲಿ ಆ ವೇಗದ ಗಾಳಿಗೆ ಒಡ್ಡಿದ ಚರ್ಮಕ್ಕೆ ಮೈನಸ್ 30ರ ಚಳಿಯ ಅನುಭವವಾಗುತ್ತದೆ. ಕಣ್ಣಿನ ಮೇಲಿನ ನೀರಿನ ಪದರ ಬೇಗನೆ ಆರುವುದರಿಂದ ಕಣ್ಣೀರು ಸುರಿಯತೊಡಗುತ್ತದೆ, ಅದು ರೆಪ್ಪೆಗೂದಲಿನ ಮೇಲೆ ಹೆಪ್ಪುಗಟ್ಟಿ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದರ ಜೊತೆಗೆ ರಸ್ತೆಗೆ ಸುರಿದ ಉಪ್ಪು ಕರಗಿದ ಹಿಮದೊಡನೆ ಸೇರಿ ವಾಹನಗಳ ಚಕ್ರದಿಂದ ನೇರವಾಗಿ ಮುಖಕ್ಕೆ ಸಿಡಿಯುತ್ತದೆ. ಬಿಸಿಲಿರುವ ದಿನ ಹೊಸ ಹಿಮವು ಅತಿನೇರಳೆ ಕಿರಣಗಳ ಶೇ. 80ರವರೆಗಿನ ಪಾಲನ್ನು ಪ್ರತಿಫಲಿಸಬಲ್ಲದು. ಪಾಲಿಕಾರ್ಬೊನೇಟಿನ ಗಾಜು ಬಣ್ಣವಿಲ್ಲದಿದ್ದರೂ ಆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆಯಾದ್ದರಿಂದ ಕೆಳಗಿನ ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಆ ಒಂದು ಚಿಂತೆ ಬೇಡ.

ನನ್ನ ದಾರಿ ಗ್ರೀನ್‌ವೇಯ ಪಶ್ಚಿಮ ಭಾಗದಲ್ಲಿ ಆರಂಭವಾಗುತ್ತದೆ. ಹಳೆಯ ರೈಲು ಹಳಿಯ ತಗ್ಗಿನಲ್ಲಿ ಸಾಗುವ ಈ ದಾರಿಯಲ್ಲಿ ಗಾಳಿ ಕಡಿಮೆ, ನಿಲ್ಲಬೇಕಾದ ಸಂದರ್ಭವೂ ಕಡಿಮೆ. ಹಾಗಾಗಿ ಇಲ್ಲಿ ಯಾವ ಗಾಗಲ್ ಹಾಕಿದರೂ ಒಳ್ಳೆಯದಾಗಿಯೇ ಕಾಣುತ್ತದೆ. 2007ರಲ್ಲಿ ತೆರೆದ ಸೇಬೊ ಸೇತುವೆಯ ಏರು ಬಂದಾಗ ಉಸಿರು ಬಿರುಸಾಗುತ್ತದೆ, ಆಚೆ ಇಳಿದು ನಗರದ ಸಿಗ್ನಲ್‌ಗಳಲ್ಲಿ ನಿಂತಾಗ ಗಾಳಿಯಾಟ ಪೂರ್ತಿ ನಿಲ್ಲುತ್ತದೆ. ಕೊನೆಗೆ ವಿಶ್ವವಿದ್ಯಾಲಯದ ಕಡೆಗೆ ಮಿಸಿಸಿಪ್ಪಿಯನ್ನು ದಾಟುವ ವಾಷಿಂಗ್ಟನ್ ಅವೆನ್ಯೂ ಸೇತುವೆಯ ಮೇಲ್ಮಹಡಿಯಲ್ಲಿ ನದಿಯ ಗಾಳಿ ಅಡ್ಡಲಾಗಿ ಹೊಡೆಯುತ್ತದೆ. ಏರು, ನಿಲುಗಡೆ, ಅಡ್ಡಗಾಳಿ ಈ ಮೂರೂ ಒಂದರ ಹಿಂದೊಂದು ಬರುವುದರಿಂದ ಪರೀಕ್ಷೆಗೆ ಇದಕ್ಕಿಂತ ಅನುಕೂಲವಾದ ದಾರಿ ನನಗೆ ಬೇಕಿರಲಿಲ್ಲ.

ಮೊದಲನೆಯದು, ಅಂಚಿಗೆ ಸ್ಪಂಜು ಅಂಟಿಸಿದ ಕೈಗಾರಿಕಾ ಸುರಕ್ಷತಾ ಕನ್ನಡಕ. ಯಂತ್ರೋಪಕರಣದ ಅಂಗಡಿಗಳಲ್ಲಿ 12 ಡಾಲರಿನ ಸುಮಾರಿಗೆ ಸಿಗುತ್ತದೆ, ಹಗುರವಾಗಿದೆ, ಹೆಲ್ಮೆಟ್ಟಿನ ಯಾವ ಭಾಗಕ್ಕೂ ತಾಗುವುದಿಲ್ಲ, ಅಕ್ಕಪಕ್ಕದ ನೋಟವನ್ನು ಕಿರಿದಾಗಿಸುವುದಿಲ್ಲ. ಬಲಕ್ಕೆ ತಿರುಗುವ ಕಾರುಗಳನ್ನು ಕಡೆಗಣ್ಣಿನಲ್ಲೇ ಗಮನಿಸಬೇಕಾದ ನಗರದ ಸವಾರಿಗೆ ಈ ಕೊನೆಯ ಗುಣ ಬಹಳ ಬೆಲೆಯುಳ್ಳದ್ದು. ಮೈನಸ್ 5ರವರೆಗೆ ಇದಕ್ಕೆ ಸಾಟಿಯಿಲ್ಲ. ಅದಕ್ಕಿಂತ ಕೆಳಗಿಳಿದಾಗ ಮೂಗಿನ ಎರಡು ಬದಿಯಲ್ಲಿ ಉಳಿಯುವ ಸಂದಿನಿಂದ ಮುಖಗವಸಿನ ಬಿಸಿಯುಸಿರು ನೇರವಾಗಿ ಗಾಜಿಗೆ ಬಡಿಯುತ್ತದೆ. ಮೈನಸ್ 10ರ ಹೊತ್ತಿಗೆ ಕಟ್ಟಿದ ಆವಿ ಗಾಜಿನ ಮೇಲೆಯೇ ಹೆಪ್ಪುಗಟ್ಟುವುದರಿಂದ ಒರೆಸಿದರೂ ಹೋಗುವುದಿಲ್ಲ.

ಎರಡನೆಯದಾದ ಮೋಟೊಕ್ರಾಸ್ ಗಾಗಲ್‌ನ ಬೆಲೆ ಸುಮಾರು 20 ಡಾಲರು. ಗಾಜು ಸ್ವಚ್ಛ, ನೋಟ ವಿಶಾಲ, ಪಟ್ಟಿ ಗಟ್ಟಿ. ಆದರೆ ಧೂಳಿನ ಹಾದಿಯಲ್ಲಿ ಬೆವರುತ್ತ ವೇಗವಾಗಿ ಹೋಗುವವರಿಗಾಗಿ ರೂಪಿಸಿದ ಈ ಗಾಗಲ್‌ನ ಮೇಲಂಚಿನಲ್ಲಿ ಗಾಳಿಯಾಡಲು ದೊಡ್ಡ ಕಿಂಡಿಗಳಿವೆ, ಅವುಗಳ ಮೇಲಿರುವುದು ತೆಳ್ಳನೆಯ ಸ್ಪಂಜು ಮಾತ್ರ. ವಾಷಿಂಗ್ಟನ್ ಅವೆನ್ಯೂ ಸೇತುವೆಯ ಮೇಲೆ ಆ ಕಿಂಡಿಗಳಿಂದ ನುಗ್ಗಿದ ಗಾಳಿಗೆ ಗಾಗಲ್‌ನೊಳಗೇ ಕಣ್ಣೀರು ಬಂತು. ಮೂಗಿನ ಮೇಲಿನ ಪ್ಲಾಸ್ಟಿಕ್ ಕವಚವೂ ಮುಖಗವಸನ್ನು ಕೆಳಕ್ಕೆ ತಳ್ಳುತ್ತದೆ. ಚಳಿಗಾಲದ ನಿತ್ಯದ ಸವಾರಿಗೆ ಇದನ್ನು ನಾನು ಯಾರಿಗೂ ಹೇಳಲಾರೆ.

ಮೂರನೆಯದರ ಮೇಲೆ ನನಗೆ ಹೆಚ್ಚಿನ ಭರವಸೆಯಿರಲಿಲ್ಲ: ಪ್ರಯೋಗಾಲಯಗಳಲ್ಲಿ ರಾಸಾಯನಿಕ ಸಿಡಿಯದಂತೆ ಧರಿಸುವ ಮಾದರಿಯ, ಸುತ್ತಲೂ ಮೆದುವಾದ ಅಂಚುಳ್ಳ, ಬಣ್ಣವಿಲ್ಲದ ಒಂಟಿ ಗಾಜಿನ ಗಾಗಲ್. 15 ಡಾಲರು. ನೋಡಲು ಚೆನ್ನಾಗಿಲ್ಲವೆಂಬುದನ್ನು ಒಪ್ಪಲೇಬೇಕು, ಸಹೋದ್ಯೋಗಿಗಳ ನಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಆದರೆ ಇದರ ಕಿಂಡಿಗಳಿಗೆ ಮುಚ್ಚಳದ ತಿರುವಿರುವುದರಿಂದ ಗಾಳಿ ನೇರವಾಗಿ ಒಳನುಗ್ಗದೆ ಸುತ್ತಿ ಬರುತ್ತದೆ. ಉಪ್ಪುನೀರು ಒಳಗೆ ಬರುವುದೇ ಇಲ್ಲ. ಇದರ ಮೇಲೆ ಕಣ್ಣಿನ ರಕ್ಷಣಾ ಸಾಧನಗಳಿಗೆ ಅಮೆರಿಕದಲ್ಲಿರುವ ಎಎನ್‌ಎಸ್‌ಐ ಝಡ್ 87.1 ಎಂಬ ಮಾನದಂಡದ ಗುರುತುಗಳಿರುತ್ತವೆ. ಅದರಲ್ಲಿ ‘+’ ಚಿಹ್ನೆಯಿದ್ದರೆ, ಕಾಲು ಅಂಗುಲದ ಉಕ್ಕಿನ ಗುಂಡು ಸೆಕೆಂಡಿಗೆ 250 ಅಡಿ ವೇಗದಲ್ಲಿ ಬಡಿದರೂ ಗಾಗಲ್ ತಡೆದುಕೊಂಡಿದೆ ಎಂದರ್ಥ; ಡಿ3 ಎಂದರೆ ದ್ರವದ ಹನಿಗಳನ್ನು ತಡೆಯುತ್ತದೆ; 2020ರ ಆವೃತ್ತಿಯಲ್ಲಿ ಸೇರಿದ ಎಕ್ಸ್ ಅಕ್ಷರವಿದ್ದರೆ ಆವಿ ಕಟ್ಟದಿರುವ ಪರೀಕ್ಷೆಯಲ್ಲೂ ತೇರ್ಗಡೆಯಾಗಿದೆ. ಸೈಕಲ್ಲಿಗೆ ಉಕ್ಕಿನ ಗುಂಡಿನ ಪರೀಕ್ಷೆ ಅತಿಯಾಯಿತು, ಆದರೆ ಉಳಿದೆರಡು ಗುರುತುಗಳನ್ನು ಹುಡುಕಿ ಕೊಳ್ಳುವುದು ಖಂಡಿತ ಲಾಭದಾಯಕ. ಮೈನಸ್ 12ರವರೆಗೆ ಸೇಬೊ ಸೇತುವೆಯ ಏರಿನಲ್ಲೂ ಇದು ತಿಳಿಯಾಗಿಯೇ ಉಳಿಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಕೆಳಗಿನ ಮೂಲೆಗಳಲ್ಲಿ ತುಸು ಆವಿ ಕಟ್ಟಿತಾದರೂ ಸೈಕಲ್ ಹೊರಟೊಡನೆ ಕರಗಿತು. ಮೈನಸ್ 15ರ ಕೆಳಗೆ ಮಾತ್ರ ಆ ಆವಿ ಕರಗದೆ ಬಿಳಿಯ ಗೀರುಗಳಾಗಿ ನಿಂತುಬಿಟ್ಟಿತು.

ನಾಲ್ಕನೆಯದು ಎಲ್ಲರೂ ಹೇಳುವ ಸ್ಕೀ ಗಾಗಲ್, ಸುಮಾರು 35 ಡಾಲರಿನದು. ಇದರ ಮೇಲ್ಮೆಯಿರುವುದು ಜೋಡಿ ಗಾಜಿನಲ್ಲಿ. ಎರಡು ಗಾಜುಗಳ ನಡುವೆ ಸಿಕ್ಕಿಕೊಂಡ ಕೆಲವೇ ಮಿಲಿಮೀಟರ್ ದಪ್ಪದ ಗಾಳಿಯು, ಇಲ್ಲಿನ ಮನೆಗಳ ಜೋಡಿ ಗಾಜಿನ ಕಿಟಕಿಯಲ್ಲಿರುವಂತೆಯೇ, ಹೊರಗಿನ ಚಳಿ ಒಳಗಾಜಿಗೆ ತಲುಪುವುದನ್ನು ನಿಧಾನಗೊಳಿಸುತ್ತದೆ. ಒಳಗಾಜು ಮುಖದ ಬಿಸಿಗೆ ಹತ್ತಿರವಾಗಿ ಉಳಿಯುವುದರಿಂದ ಆವಿ ನೀರಾಗುವ ಮಟ್ಟಕ್ಕೆ ಅದು ಸುಲಭವಾಗಿ ತಣಿಯುವುದಿಲ್ಲ. ಮೈನಸ್ 20ರಲ್ಲಿಯೂ ಸಿಗ್ನಲ್ಲಿನಲ್ಲಿ ನಿಂತು ಹೊರಟಾಗ ರಸ್ತೆ ಸ್ಪಷ್ಟವಾಗಿ ಕಂಡದ್ದು ನಾಲ್ಕರಲ್ಲಿ ಇದೊಂದರಲ್ಲೇ.

ಹಾಗಿದ್ದೂ ಆ ಸಲಹೆ ಅರ್ಧವೇ ಸರಿ ಎಂದದ್ದಕ್ಕೆ ಕಾರಣ ಗಾಜಿನ ಬಣ್ಣ. ಎಷ್ಟು ಬೆಳಕು ಒಳಬಿಡುತ್ತದೆ ಎಂಬುದರ ಮೇಲೆ ಗಾಜನ್ನು ವರ್ಗಗಳಾಗಿ ವಿಂಗಡಿಸುತ್ತಾರೆ; ಅಗ್ಗದ ಸ್ಕೀ ಗಾಗಲ್‌ಗಳು ಹೆಚ್ಚಾಗಿ ಬಿಸಿಲಿನ ಇಳಿಜಾರಿಗೆಂದು ಮೂರನೆಯ ವರ್ಗದ ಕಪ್ಪುಗಾಜಿನೊಂದಿಗೆ ಬರುತ್ತವೆ. ಆ ವರ್ಗದ ಗಾಜು ಬೆಳಕಿನ ಶೇ. 8ರಿಂದ 18ರಷ್ಟನ್ನು ಮಾತ್ರ ಒಳಬಿಡುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುವ ಈ ಊರಿನಲ್ಲಿ ಕಚೇರಿಯಿಂದ ಮರಳುವವರು ಅಂಥ ಗಾಜು ಹಾಕಿಕೊಂಡರೆ ಡಾಂಬರಿನ ಮೇಲಿನ ತೆಳು ಮಂಜುಗಡ್ಡೆ ಕಾಣುವುದೇ ಇಲ್ಲ. ಶೇ. 43ರಿಂದ 80ರಷ್ಟು ಬೆಳಕು ಬಿಡುವ ಮೊದಲ ವರ್ಗದ ಹಳದಿ ಅಥವಾ ಗುಲಾಬಿ ಗಾಜು, ಇಲ್ಲವೇ ಸೊನ್ನೆ ವರ್ಗದ ಸ್ವಚ್ಛ ಗಾಜು ಇರುವುದನ್ನೇ ಕೇಳಿ ಕೊಳ್ಳಬೇಕು. ಇನ್ನೊಂದು ತೊಡಕು ಹೆಲ್ಮೆಟ್ಟಿನದು. ಸ್ಕೀ ಗಾಗಲ್‌ನ ಮೇಲಂಚು ಎತ್ತರವಾಗಿರುವುದರಿಂದ, ಹಣೆಯನ್ನು ಮುಚ್ಚುವಂತೆ ಸರಿಯಾಗಿ ಧರಿಸಿದ ಸೈಕಲ್ ಹೆಲ್ಮೆಟ್ ಅದನ್ನು ಮೂಗಿನ ಕಡೆಗೆ ಒತ್ತುತ್ತದೆ. ಹೆಲ್ಮೆಟ್ಟನ್ನೇ ಹಿಂದಕ್ಕೆ ಸರಿಸುವುದು ಅಪಾಯ. ಅಂಗಡಿಗೆ ಹೆಲ್ಮೆಟ್ ಒಯ್ದು ಎರಡನ್ನೂ ಒಟ್ಟಿಗೆ ಹಾಕಿ ನೋಡುವುದೇ ಸರಿಯಾದ ಮಾರ್ಗ. ಅಕ್ಕಪಕ್ಕದ ನೋಟವೂ ಮೊದಲ ಕನ್ನಡಕದಷ್ಟು ವಿಶಾಲವಾಗಿಲ್ಲ, ಭುಜದ ಮೇಲಿಂದ ಹಿಂದಕ್ಕೆ ನೋಡುವಾಗ ಕತ್ತನ್ನು ಹೆಚ್ಚು ತಿರುಗಿಸಬೇಕಾಗುತ್ತದೆ.

ಒಂದನ್ನೇ ಕೊಳ್ಳುವುದಾದರೆ ನಾನು ಪ್ರಯೋಗಾಲಯದ ಗಾಗಲ್ಲನ್ನೇ ಆರಿಸುತ್ತೇನೆ. ಇಲ್ಲಿನ ಚಳಿಗಾಲದ ಹೆಚ್ಚಿನ ದಿನಗಳು ಅದರ ಮಿತಿಯೊಳಗೇ ಇರುತ್ತವೆ, ರಾತ್ರಿಗೆ ಬೇರೆ ಗಾಜು ಹುಡುಕುವ ಗೋಜಿಲ್ಲ, ಕಳೆದುಹೋದರೂ ಹೊಟ್ಟೆ ಉರಿಯುವುದಿಲ್ಲ. ಮೈನಸ್ 15ರ ಕೆಳಗೂ ಸೈಕಲ್ ಬಿಡದವರು ಸ್ಕೀ ಗಾಗಲ್ಲನ್ನೂ ಸೇರಿಸಿಕೊಂಡರೆ ಎರಡೂ ಸೇರಿ 50 ಡಾಲರಾಗುತ್ತದೆ.

ಯಾವುದನ್ನು ಕೊಂಡರೂ ಮುಖಗವಸನ್ನು ಸರಿಪಡಿಸದಿದ್ದರೆ ಹಣ ವ್ಯರ್ಥ. ಮೂಗನ್ನೂ ಮುಚ್ಚುವ ದಪ್ಪ ಉಣ್ಣೆಯ ಬಟ್ಟೆಯನ್ನು ಗಾಗಲ್‌ನ ಅಂಚಿನೊಳಕ್ಕೆ ತೂರಿಸಿದರೆ ಉಸಿರೆಲ್ಲ ಮೇಲಕ್ಕೇ ಹೋಗುತ್ತದೆ. ಬಟ್ಟೆ ಗಾಗಲ್‌ನ ಹೊರಗೆ ಕೆಳಗಡೆ ನಿಲ್ಲಬೇಕು, ಬಾಯಿಯ ಬಳಿ ತೆಳುವಾಗಿರಬೇಕು ಅಥವಾ ರಂಧ್ರಗಳಿರಬೇಕು. ನಿಂತಾಗ ಗಾಗಲ್ಲನ್ನು ಹಣೆಗೇರಿಸುವ ಅಭ್ಯಾಸವೂ ಬೇಡ, ಬೆವರಿದ ಹಣೆಯ ತೇವವೆಲ್ಲ ಅದರೊಳಗೆ ಸೇರುತ್ತದೆ. ಒಳಗಾಜಿನ ಲೇಪನ ತೇವವನ್ನು ಹೀರಿಕೊಳ್ಳುವಂಥದ್ದು, ಒದ್ದೆಯಿರುವಾಗ ಉಜ್ಜಿದರೆ ಕಿತ್ತುಹೋಗುತ್ತದೆ. ಕಚೇರಿ ತಲುಪಿದ ಮೇಲೆ ಹೀಟರಿನಿಂದ ದೂರವಿಟ್ಟು ತಾನಾಗಿ ಆರಲು ಬಿಡಬೇಕು. ಲೇಪನ ಸವೆದ ಹಳೆಯ ಗಾಜಿಗೆ ಮಕ್ಕಳ ಶಾಂಪೂವಿನ ಒಂದು ಹನಿಯನ್ನು ತೆಳ್ಳಗೆ ಸವರಿ ಒಣಗಿಸಿದರೆ ಒಂದೆರಡು ಸವಾರಿಗಳಿಗೆ ಸಾಕಾಗುತ್ತದೆ.

ನನ್ನಂತೆ ಪವರ್ ಕನ್ನಡಕ ಧರಿಸುವವರಿಗೆ ಲೆಕ್ಕ ಸ್ವಲ್ಪ ಬೇರೆ. ಕನ್ನಡಕದ ಮೇಲೆಯೇ ಹಾಕಬಹುದಾದ, ಕಡ್ಡಿಗೆ ಜಾಗ ಬಿಟ್ಟ ಮಾದರಿಗಳು ಮೂರನೆಯ ಮತ್ತು ನಾಲ್ಕನೆಯ ಬಗೆಗಳಲ್ಲಿ ಸಿಗುತ್ತವೆ. ಆದರೆ ಗಾಗಲ್ ತಿಳಿಯಾಗಿದ್ದರೂ ಒಳಗಿನ ಕನ್ನಡಕಕ್ಕೆ ಆವಿ ಕಟ್ಟಬಹುದು, ಅದನ್ನು ಒರೆಸಲು ಎಲ್ಲವನ್ನೂ ಬಿಚ್ಚಬೇಕು. ಒಳಗೆ ಜಾಗ ಹೆಚ್ಚಿದ್ದಷ್ಟೂ ಈ ತೊಂದರೆ ಕಡಿಮೆ, ಆದ್ದರಿಂದ ಕನ್ನಡಕಧಾರಿಗಳು ಮೈನಸ್ 10ರ ಹೊತ್ತಿಗೇ ಸ್ಕೀ ಗಾಗಲ್‌ಗೆ ಬದಲಾಗುವುದು ಒಳ್ಳೆಯದು. ಹಿಮದಾಟಗಳ ಕಾಲ ಮುಗಿಯುವ ಮಾರ್ಚಿನಲ್ಲಿ ಅಂಗಡಿಗಳು ಅವುಗಳ ಬೆಲೆ ಇಳಿಸುವುದುಂಟು. ಮೊದಲ ವರ್ಗದ ಗಾಜಿನವು ಆಗ ಸಿಕ್ಕರೆ ಮುಂದಿನ ಚಳಿಗಾಲಕ್ಕೆಂದು ಕೊಂಡಿಡಬಹುದು.